ಹಿಂದಿನಿಂದ ಕಲ್ಲು ಹೊಡೆದವರಾರು?

ಸುರೇಬಾನದಲ್ಲಿ ಸೋದರಮಾವನ ಮನೆ ಮುಂದೆ ಗೋವಿನಜೋಳದ ಟ್ರ್ಯಾಕ್ಟರ್ ನಿಂತಿತ್ತು. ಮಾವನ ಮಗ ಟ್ರೇಲರಿನಿಂದ ಚೀಲ ಬೆನ್ನಿಗೆ ಹಾಕಿಕೊಂಡು ಒಂದೊಂದಾಗಿ ಇಳಿಸುತ್ತಿದ್ದ. ಹೊತ್ತು ಏರಿತ್ತು, ಇನ್ನು ನಾಲ್ಕೈದು ಚೀಲ ಉಳಿದಿದ್ದವು. ಬಲಗಾಲು ನೆಲಕ್ಕೆ ಊರಿದ್ದೇ ತಡ, ಬೆಚ್ಚಿಬಿದ್ದು ಚೀಲ ಅಲ್ಲೇ ಚೆಲ್ಲಿ ಹಿಂದಕ್ಕೆ ತಿರುಗಿದ.

"ಯಾವನಲೇ ಅಂವಾ, ಕಲ್ಲ ಒಗದಾಂವ?"

ಹಿಂದೆ ಯಾರೂ ಇರಲಿಲ್ಲ, ಟ್ರೇಲರಿನ ಗಾಲಿ ಮಾತ್ರ ಇತ್ತು. ಮೊಣಕಾಲಿನ ಕೆಳಗೆ, ಮೀನಖಂಡದ ಒಳಮಗ್ಗುಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. ಹಿಮ್ಮಡಿ ಊರಲು ಆಗಲಿಲ್ಲ.

ಐದು ನಿಮಿಷದಲ್ಲಿ ಕಟ್ಟೆ ತುಂಬ ಜನ. ಆಯಿ ಒಳಗಿನಿಂದಲೇ ಕೂಗಿದಳು: "ಉಪ್ಪ ಹುರದ ಗಂಟ ಕಟ್ಟಿ ಕಾಸ್ತೀನಿ ತಡಿ, ರಾತ್ರಿ ಅನ್ನೂದ್ರಾಗ ಇಳೀತೈತಿ." ಎದುರು ಮನೆಯ ಪಿ.ಟಿ. ಮಾಸ್ತರು ಅಡ್ಡ ಬಂದರು: "ಬಿಸಿ ಮುಟ್ಟಸಬ್ಯಾಡ್ರಿ ಯವ್ವಾ, ಬರ್ಫ ಇಡ್ರಿ." ಟ್ರ್ಯಾಕ್ಟರ್ ಚಾಲಕನಿಗೆ ಎರಡೂ ಒಪ್ಪಿಗೆಯಿಲ್ಲ: "ನರದ ಮ್ಯಾಲ ನರ ಏರೈತ್ರಿ. ತಿಕ್ಕೋರ ಕಡೆ ಒಯ್ದ್ರ ಒಂದ ಸರ್ತಿಗೆ ಕೂಡ್ತೈತಿ."

ಉಪ್ಪಿನ ಕಾವು, ಬರ್ಫ, ತಿಕ್ಕುವುದು. ಈ ಮೂರು ಸಲಹೆ ಕೇಳದ ಮನೆ ನಮ್ಮಲ್ಲಿ ಇಲ್ಲ. ಮೂರನ್ನೂ ಹೇಳುವವರು ಅನುಭವದಿಂದಲೇ ಹೇಳುತ್ತಾರೆ. ಹಾಗಿದ್ದರೆ ಮೂರೂ ಒಂದಕ್ಕೊಂದು ವಿರುದ್ಧ ಏಕೆ? ಇದನ್ನು ಬಿಡಿಸಬೇಕಾದರೆ ಮೊದಲು ಆ ಕಾಣದ ಕಲ್ಲು ಹೊಡೆದವರು ಯಾರೆಂದು ಹುಡುಕಬೇಕು.

ನರವಲ್ಲ, ಖಂಡ

ನಮ್ಮ ಮಾತಿನಲ್ಲಿ ನರ ಎಂಬ ಒಂದೇ ಪದ ಬಹಳ ಹೊರೆ ಹೊರುತ್ತದೆ. ಕೈಮೇಲೆ ಹಸಿರಾಗಿ ಉಬ್ಬಿದ ರಕ್ತನಾಳವೂ ನರ, ಹಿಮ್ಮಡಿಯ ಹಿಂದಿನ ಗಟ್ಟಿ ಹಗ್ಗವೂ ನರ, ನೋವಿನ ಸುದ್ದಿ ಒಯ್ಯುವ ತಂತಿಯೂ ನರ. ಮೂರೂ ಬೇರೆ ಬೇರೆ. ಅಂದು ಪೆಟ್ಟು ತಿಂದದ್ದು ಈ ಮೂರರಲ್ಲಿ ಯಾವುದೂ ಅಲ್ಲ, ಮೀನಖಂಡ. ಮೀನಿನ ಹೊಟ್ಟೆಯಂತೆ ನಡುವೆ ದಪ್ಪ, ತುದಿಗೆ ಸಣ್ಣಗಿರುವ ಈ ಭಾಗಕ್ಕೆ ಕನ್ನಡಿಗರು ಇಟ್ಟ ಹೆಸರೇ ಸರಿಯಾಗಿದೆ. ಖಂಡ ಎಂದರೆ ಸ್ನಾಯು.

ನರದ ಮೇಲೆ ನರ ಏರುವುದು ಎಂಬುದು ದೇಹದಲ್ಲಿ ನಡೆಯುವ ಸಂಗತಿಯಲ್ಲ. ಬೆರಳಿಗೆ ಗಂಟಿನಂತೆ ಸಿಗುವುದು ಗಾಯಗೊಂಡ ಖಂಡ ತನ್ನನ್ನು ಕಾಪಾಡಿಕೊಳ್ಳಲು ಬಿಗಿದುಕೊಂಡ ಭಾಗ, ಇಲ್ಲವೇ ಒಳಗೆ ನಿಂತ ರಕ್ತ. ಹೆಸರು ತಪ್ಪಿದರೆ ಉಪಚಾರವೂ ತಪ್ಪುತ್ತದೆ. ಏರಿದ್ದನ್ನು ಇಳಿಸಬೇಕು ಎಂದುಕೊಂಡವರು ಒತ್ತಿ ತಿಕ್ಕುತ್ತಾರೆ. ಹರಿದಿದೆ ಎಂದು ತಿಳಿದವರು ತಿಕ್ಕಲು ಹೋಗುವುದಿಲ್ಲ.

ಕಬ್ಬಿನ ಜಲ್ಲೆಯಂಥ ಎಳೆ

ಖಂಡವನ್ನು ಬಿಡಿಸುತ್ತ ಹೋದರೆ ಕೂದಲಿನಷ್ಟು ಸಣ್ಣ ಎಳೆಗಳು ಸಿಗುತ್ತವೆ. ಒಂದೊಂದು ಎಳೆಯೊಳಗೆ ಇನ್ನೂ ಸಣ್ಣ ನೂರಾರು ತಂತುಗಳು ಉದ್ದಕ್ಕೆ ಮಲಗಿವೆ. ಒಂದು ತಂತುವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಕಬ್ಬಿನ ಜಲ್ಲೆ ನೋಡಿದ ಹಾಗೆ: ಗೆಣ್ಣು, ಗಣಿಕೆ, ಮತ್ತೆ ಗೆಣ್ಣು, ಮತ್ತೆ ಗಣಿಕೆ. ವಿಜ್ಞಾನಿಗಳು ಸಾರ್ಕೊಮಿಯರ್ ಎಂದು ಕರೆಯುವ ಈ ತುಂಡನ್ನು ನಾವು ಗಣಿಕೆ ಎಂದೇ ಕರೆಯೋಣ. ಒಂದು ಗಣಿಕೆಯ ಉದ್ದ ಒಂದು ಮಿಲಿಮೀಟರಿನ ಸುಮಾರು ನಾನೂರನೇ ಒಂದು ಪಾಲು. ಐದು ಸೆಂಟಿಮೀಟರ್ ಎಳೆಯಲ್ಲಿ ಹೀಗೆ ಸಾಲಾಗಿ 20,000 ಗಣಿಕೆ ಹಿಡಿಯುತ್ತವೆ.

ಗಣಿಕೆ ಕುಗ್ಗುವುದು ಹೇಗೆ? ಎರಡೂ ಅಂಗೈ ನಿಮ್ಮ ಕಡೆ ತಿರುಗಿಸಿ, ಬೆರಳ ತುದಿಗಳನ್ನು ಎದುರುಬದುರು ಹಿಡಿಯಿರಿ. ಒಂದು ಕೈಯ ಬೆರಳುಗಳು ಇನ್ನೊಂದರ ಸಂದಿಗೆ ಅರ್ಧ ಹೊಕ್ಕಿರಲಿ. ಈಗ ಕೈಗಳನ್ನು ಹತ್ತಿರ ತನ್ನಿ. ಬೆರಳು ಯಾವುದೂ ಗಿಡ್ಡಾಗಲಿಲ್ಲ, ಒಂದರ ಸಂದಿಗೆ ಒಂದು ಜಾರಿತು, ಅಷ್ಟೇ. ಆದರೆ ಎರಡು ಮಣಿಕಟ್ಟಿನ ನಡುವಿನ ಅಂತರ ಕಡಿಮೆಯಾಯಿತು. ಗಣಿಕೆಯೊಳಗೂ ದಪ್ಪ, ಸಣ್ಣ ಎಂಬ ಎರಡು ಬಗೆಯ ಕಡ್ಡಿಗಳು ಹೀಗೆಯೇ ಒಂದರ ಸಂದಿಗೆ ಒಂದು ಜಾರುತ್ತವೆ. 1954ರಲ್ಲಿ ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಒಂದು ಕಡೆ, ಆಂಡ್ರ್ಯೂ ಹಕ್ಸ್ಲಿ ಮತ್ತು ರೋಲ್ಫ್ ನೀಡರ್ಗರ್ಕೆ ಇನ್ನೊಂದು ಕಡೆ, ಒಬ್ಬರನ್ನೊಬ್ಬರು ಅವಲಂಬಿಸದೆ ಇದನ್ನೇ ಕಂಡುಕೊಂಡರು. ಎರಡೂ ಲೇಖನಗಳು ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದವು. ಇಬ್ಬರ ಅಡ್ಡಹೆಸರೂ ಹಕ್ಸ್ಲಿ, ಆದರೆ ಅವರು ಸಂಬಂಧಿಕರಲ್ಲ.

ಖಂಡದ ತುದಿಯಲ್ಲಿ ಈ ಎಳೆಗಳೆಲ್ಲ ಒಂದು ಬಿಳಿಯ ಗಟ್ಟಿ ಹಗ್ಗಕ್ಕೆ ಸೇರುತ್ತವೆ. ಎಲುಬಿಗೆ ಖಂಡವನ್ನು ಬಿಗಿಯುವ ಇದಕ್ಕೆ ವೈದ್ಯರು ಟೆಂಡನ್ ಎನ್ನುತ್ತಾರೆ. ನಮಗೆ ಕಟ್ಟುಹಗ್ಗ ಎಂಬ ಹೆಸರು ಸಾಕು. ಮೆತ್ತಗಿನದು ಬಿರುಸಾದದ್ದಕ್ಕೆ ಕೂಡುವ ಈ ಜಾಗದ ಹತ್ತಿರವೇ ಖಂಡ ಹೆಚ್ಚಾಗಿ ಹರಿಯುವುದು.

ಏರುವಾಗಲ್ಲ, ಇಳಿಯುವಾಗ

ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗಿ ಬಂದವರನ್ನು ಕೇಳಿ ನೋಡಿ. ಹತ್ತುವಾಗ ಏದುಸಿರು, ಬೆವರು. ಇಳಿಯುವಾಗ ಹಾಡಿಕೊಂಡು ಬರುತ್ತಾರೆ. ಆದರೆ ಮರುದಿನ, ಅದರ ಮರುದಿನ ತೊಡೆ ಕಲ್ಲಾಗಿ ಕುಕ್ಕರುಗಾಲಿನಲ್ಲಿ ಕೂರಲಾಗದಂತೆ ಮಾಡುವುದು ಮುಖ್ಯವಾಗಿ ಆ ಹಗುರವೆನಿಸಿದ ಇಳಿತವೇ.

ಏರುವಾಗ ಖಂಡ ಕುಗ್ಗುತ್ತ ಬಲ ಹಾಕುತ್ತದೆ. ಇಳಿಯುವಾಗ ಅದೇ ಖಂಡ ಬಲ ಹಾಕುತ್ತಲೇ ಉದ್ದವಾಗಬೇಕು. ಬಾವಿಯ ಕೊಡದ ಹಗ್ಗವನ್ನು ಒಮ್ಮೆಲೇ ಕೈಬಿಡದೆ ಬಿಗಿ ಹಿಡಿದೇ ಸ್ವಲ್ಪ ಸ್ವಲ್ಪ ಬಿಡುವ ಹಾಗೆ. ಉಸಿರಿಗೆ ಇದು ಸುಲಭ, ಆದರೆ ಎಳೆಗೆ ಬಹಳ ಕಷ್ಟ. ಎಲ್ಲ ಗಣಿಕೆಗಳೂ ಸಮನಾಗಿ ಬಲವಾಗಿರುವುದಿಲ್ಲ. ಎಳೆತ ಬಿದ್ದಾಗ ದುರ್ಬಲವಾದದ್ದು ಮೊದಲು ಅತಿಯಾಗಿ ಹಿಗ್ಗುತ್ತದೆ, ಅದರ ಕಡ್ಡಿಗಳು ಒಂದರ ಸಂದಿಯಿಂದ ಒಂದು ಹೊರಬರುತ್ತವೆ. ಇಂಥ ಸೂಕ್ಷ್ಮ ಗಾಯಗಳು ಚದುರಿದಂತೆ ಸಾವಿರಾರು ಆದರೆ ಗುಡ್ಡದ ಮೂರನೇ ದಿನದ ನೋವು. ಇದನ್ನು ಲ್ಯಾಕ್ಟಿಕ್ ಆಮ್ಲ ತುಂಬಿದೆ ಎಂದು ಈಗಲೂ ಹೇಳುವವರಿದ್ದಾರೆ. ಆ ಆಮ್ಲ ಕೆಲಸ ನಿಂತ ಒಂದೆರಡು ಗಂಟೆಯಲ್ಲೇ ಕರಗಿ ಹೋಗುವಂಥದ್ದು, ಮೂರನೇ ದಿನದವರೆಗೆ ಉಳಿಯದು. ಥಿಯೊಡೋರ್ ಹಾಫ್ ಎಂಬ ಅಮೆರಿಕದ ವಿಜ್ಞಾನಿ 1902ರಲ್ಲೇ, ಇದು ಒಳಗೆ ಹರಿದದ್ದರ ನೋವು ಎಂದು ಬರೆದಿದ್ದ.

ಚದುರದೆ ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಎಳೆಗಳು ಹರಿದರೆ? ಅದೇ ಆ ಕಲ್ಲು. ಮೀನಖಂಡದ ಹೊರಪದರ ಮೊಣಕಾಲು, ಹಿಮ್ಮಡಿ ಎರಡನ್ನೂ ದಾಟಿ ಹೋಗುವ ಖಂಡ. ಮೊಣಕಾಲು ನೆಟ್ಟಗಿದ್ದು ಪಾದ ಮೇಲಕ್ಕೆ ಮಡಿಚಿದರೆ ಎರಡೂ ತುದಿಯಿಂದ ಜಗ್ಗಿಸಿಕೊಳ್ಳುತ್ತದೆ. ಟ್ರೇಲರಿನಿಂದ ಇಳಿದ ಕಾಲು ನೆಲಕ್ಕೆ ತಾಗಿದ ಗಳಿಗೆ ಮೊಣಕಾಲು ನೆಟ್ಟಗಿತ್ತು, ಬೆನ್ನ ಮೇಲೆ 60 ಕಿಲೋ ಇತ್ತು, ಬೆಳಗಿನಿಂದ ದಣಿದ ಖಂಡ ಆ ಭಾರವನ್ನು ತಡೆಯುತ್ತಲೇ ಉದ್ದವಾಗಬೇಕಿತ್ತು. ಒಳಮಗ್ಗುಲಿನ ಎಳೆಗಳು ಕಟ್ಟುಹಗ್ಗ ಕೂಡುವ ಕಡೆ ಹರಿದವು. ಜಗತ್ತಿನ ಎಲ್ಲ ಕಡೆ ಮೀನಖಂಡ ಹರಿದವರು ಹೇಳುವುದು ಇದೇ ಮಾತು: ಹಿಂದಿನಿಂದ ಯಾರೋ ಹೊಡೆದ ಹಾಗಾಯಿತು.

ಊತದೊಳಗೆ ನಡೆಯುವ ಕೆಲಸ

ಎಳೆಗಳ ಜೊತೆ ಅವುಗಳ ನಡುವಿನ ಸಣ್ಣ ರಕ್ತನಾಳಗಳೂ ಹರಿಯುತ್ತವೆ. ರಕ್ತ ಸೋರಿ ಖಂಡದೊಳಗೆ ನಿಲ್ಲುತ್ತದೆ. ಎರಡು ಮೂರು ದಿನಕ್ಕೆ ಅದೇ ಕೆಳಗಿಳಿದು ಹಿಮ್ಮಡಿಯ ಬಳಿ ನೀಲಿ ಕಲೆಯಾಗಿ ಕಾಣುತ್ತದೆ. ಪೆಟ್ಟು ಮೇಲಾಗಿದೆ, ಕಲೆ ಕೆಳಗೇಕೆ ಬಂತು ಎಂದು ಗಾಬರಿಯಾಗಬೇಕಿಲ್ಲ. ನೀರು ತಗ್ಗಿಗೆ ಹರಿದಂತೆ ರಕ್ತವೂ ಹರಿಯಿತು.

ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳ ಮೊದಲ ದಂಡು ಬಂದು ಇಳಿಯುತ್ತದೆ. ಅದರ ಹಿಂದೆ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಬರುತ್ತವೆ. ಹರಿದ ಚೂರುಗಳನ್ನು ತಿಂದು ಹೊಲ ಹಸನು ಮಾಡುವುದು ಇವುಗಳ ಕೆಲಸ. ಕಾವು, ಕೆಂಪು, ಊತ, ನೋವು ಎಲ್ಲ ಈ ದಂಡು ಬಂದ ಗುರುತು. ಎರಡು ಮೂರು ದಿನ ಕಳೆಯುತ್ತಲೇ ಮ್ಯಾಕ್ರೊಫೇಜುಗಳ ಸ್ವಭಾವ ಬದಲಾಗುತ್ತದೆ: ತಿನ್ನುವುದನ್ನು ಬಿಟ್ಟು, ಬೆಳೆಯಿರಿ ಎಂಬ ಸಂದೇಶದ ರಸಗಳನ್ನು ಒಸರತೊಡಗುತ್ತವೆ. ಪ್ರಯೋಗದ ಇಲಿಗಳಲ್ಲಿ ಈ ಕಣಗಳು ಬಾರದಂತೆ ತಡೆದರೆ ಖಂಡ ಸರಿಯಾಗಿ ಮರುಹುಟ್ಟುವುದಿಲ್ಲ. ಊತವನ್ನು ಶತ್ರು ಎಂದೇ ತಿಳಿದಿದ್ದ ನಮ್ಮ ತಿಳಿವಳಿಕೆಯನ್ನು ತಿರುವಿ ಹಾಕಿದ ಸಂಗತಿ ಇದು.

ಬೆಳೆಯಿರಿ ಎಂದು ಹೇಳುವುದು ಯಾರಿಗೆ? ಕಟಾವಿಗೆ ಬಂದ ಕಬ್ಬಿನ ಗದ್ದೆಗೆ ಹೋಗಿ, ಕೈಗೆ ಬಂದ ಒಂದು ಜಲ್ಲೆಯ ರವದಿ ಸುಲಿಯಿರಿ. ಗೆಣ್ಣಿನ ಮೇಲೆ, ಎಲೆಯ ಹೊದಿಕೆಯ ಅಡಿಯಲ್ಲಿ ಜೋಳದ ಕಾಳಿನಷ್ಟು ಒಂದು ಕಣ್ಣು ಮಲಗಿರುತ್ತದೆ. ಜಲ್ಲೆ ನಿಂತಿರುವಷ್ಟು ದಿನ ಅದು ಸುಮ್ಮನಿರುತ್ತದೆ. ಕಡಿದರೆ ಬುಡದ ಕಣ್ಣು ಒಡೆದು ಕೂಳೆ ಬೆಳೆ ಬರುತ್ತದೆ. ಖಂಡದ ಎಳೆಗೂ ತೆಳು ಹೊದಿಕೆಯಿದೆ, ಅದರ ಅಡಿಯಲ್ಲಿ ಇಂಥದೇ ಕಣ್ಣುಗಳಿವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಕಾಲಿನ ಖಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಎಳೆಗೆ ಒತ್ತಿಕೊಂಡು ಸುಮ್ಮನೆ ಮಲಗಿದ ಈ ಕೋಶಗಳನ್ನು ಗುರುತಿಸಿದ. ಎಳೆಯ ಅಂಚಿನಲ್ಲಿವೆ ಎಂದು ಸ್ಯಾಟಲೈಟ್ ಕೋಶ ಎಂದು ಹೆಸರಿಟ್ಟ. ನಮ್ಮ ಕಡೆಯವರು ಮೊದಲು ನೋಡಿದ್ದರೆ ಕಣ್ಣುಕೋಶ ಎಂದೇ ಇಡುತ್ತಿದ್ದರು ಅನ್ನಿಸುತ್ತದೆ. ಎಳೆ ಹರಿದಾಗ ಇವು ಎಚ್ಚರಗೊಂಡು, ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದಕ್ಕೊಂದು ಬೆಸೆದು ಹಳೆಯ ಹೊದಿಕೆಯೊಳಗೇ ಹೊಸ ಎಳೆ ಹೆಣೆಯುತ್ತವೆ.

ಕೂಳೆಗೂ ಖಂಡಕ್ಕೂ ಒಂದು ವ್ಯತ್ಯಾಸವಿದೆ. ಖಂಡದ ಸೀಳಿನಲ್ಲಿ ಹೊಸ ಎಳೆ ಬೆಳೆಯುವ ಮುನ್ನವೇ ಆ ಸಂದಿಯನ್ನು ತುಂಬಲು ಕೊಲಾಜೆನ್ ಎಂಬ ನಾರು ಬರುತ್ತದೆ. ಅದು ತೇಪೆ. ತೇಪೆ ಇಲ್ಲದಿದ್ದರೆ ಎರಡು ತುದಿ ಕೂಡುವುದಿಲ್ಲ. ತೇಪೆ ಅತಿಯಾದರೆ, ಅಡ್ಡಾದಿಡ್ಡಿಯಾದರೆ, ಹೊಸ ಎಳೆಗೆ ದಾರಿ ಸಿಗುವುದಿಲ್ಲ.

ಬರ್ಫದ ಕಥೆ

ಪೆಟ್ಟಾದರೆ ಬರ್ಫ ಎಂಬ ಮಾತು ಜಗತ್ತಿಗೆಲ್ಲ ಹರಡಿದ್ದು ಹೆಚ್ಚಾಗಿ ಒಬ್ಬ ವೈದ್ಯನಿಂದ. ಗೇಬ್ ಮಿರ್ಕಿನ್ ಎಂಬ ಅಮೆರಿಕನ್ ವೈದ್ಯ 1978ರಲ್ಲಿ ತನ್ನ ಪುಸ್ತಕದಲ್ಲಿ ವಿಶ್ರಾಂತಿ, ಬರ್ಫ, ಬಿಗಿಪಟ್ಟಿ, ಕಾಲೆತ್ತಿ ಇಡುವುದು ಎಂಬ ನಾಲ್ಕು ಮಾತು ಬರೆದ. ಇಂಗ್ಲಿಷಿನಲ್ಲಿ ಅವುಗಳ ಮೊದಲಕ್ಷರ ಕೂಡಿದರೆ ರೈಸ್, ಅಂದರೆ ಅಕ್ಕಿ. ಬಾಯಿಗೆ ಸುಲಭವಾಗಿ ಬಂದ ಮಾತು ನಾಲ್ಕು ದಶಕ ನಿಂತಿತು. ಮುಂದೆ ಮಿರ್ಕಿನ್ನೇ, ಬರ್ಫವೂ ಅತಿ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದು ಎಂದು ತನ್ನ ಮಾತನ್ನು ತಿದ್ದಿಕೊಂಡ. ತನ್ನ ಹೆಸರನ್ನು ಬೆಳೆಸಿದ ಮಾತನ್ನೇ ತಿದ್ದಿಕೊಳ್ಳುವವರು ಕಡಿಮೆ. ಆತನನ್ನು ನಾನು ಇದಕ್ಕಾಗಿಯೇ ಹೆಚ್ಚು ಗೌರವಿಸುತ್ತೇನೆ. 2019ರಲ್ಲಿ ಬ್ಲೇಸ್ ದುಬ್ವಾ ಮತ್ತು ಜಾನ್-ಫ್ರಾನ್ಸ್ವಾ ಎಸ್ಕ್ಯುಲಿಯೆ ಹೊಸ ಸೂತ್ರ ಬರೆದಾಗ ಅದರಲ್ಲಿ ಬರ್ಫಕ್ಕೆ ಜಾಗವಿರಲಿಲ್ಲ.

ಹಾಗಾದರೆ ಪಿ.ಟಿ. ಮಾಸ್ತರು ತಪ್ಪೇ? ತಪ್ಪಲ್ಲ. ತಂಪು ನೋವನ್ನು ಕಡಿಮೆ ಮಾಡುತ್ತದೆ, ಅದು ಖಚಿತ. ಅಷ್ಟಕ್ಕೆ ಮಾತ್ರ ಬಳಸಬೇಕು: ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ, ಮೊದಲ ದಿನ ಕೆಲವು ಸರ್ತಿ. ಬರಿ ಬರ್ಫವನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಚರ್ಮ ಸುಟ್ಟ ಹಾಗಾಗುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಗಡಿಗೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.

ಮೊದಲ ದಿನವೇ ಆಯಿಯ ಉಪ್ಪಿನ ಗಂಟು ಇಟ್ಟರೆ? ಕಾವು ರಕ್ತನಾಳಗಳನ್ನು ಅಗಲ ಮಾಡುತ್ತದೆ, ಸೋರುತ್ತಿರುವ ರಕ್ತ ಇನ್ನಷ್ಟು ಸೋರುತ್ತದೆ. ಅದೇ ಗಂಟು ನಾಲ್ಕೈದು ದಿನದ ಮೇಲೆ, ಸೋರುವುದು ನಿಂತು ಊತ ಇಳಿಯತೊಡಗಿದಾಗ, ಬಿಗಿದ ಖಂಡವನ್ನು ಸಡಿಲ ಮಾಡುತ್ತದೆ, ಚಲಿಸಲು ಧೈರ್ಯ ಕೊಡುತ್ತದೆ. ಆಯಿಯ ಮದ್ದು ಸುಳ್ಳಲ್ಲ, ಅದರ ದಿನ ಬೇರೆ.

ಬಾಮ್ ಬಗ್ಗೆ ಒಂದು ಮಾತು. ಪುದೀನ ಜಾತಿಯ ಗಿಡದಿಂದ ಬರುವ ಮೆಂಥಾಲ್ ಚರ್ಮವನ್ನು ನಿಜಕ್ಕೂ ತಂಪು ಮಾಡುವುದಿಲ್ಲ. ತಂಪನ್ನು ಗುರುತಿಸುವ ನರದ ಬಾಗಿಲನ್ನು ತೆರೆಯುತ್ತದೆ, ಮಿದುಳು ತಂಪಾಯಿತು ಎಂದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರ ಹೀಗೆಯೇ ಬಿಸಿಯ ಬಾಗಿಲನ್ನು ತೆರೆಯುತ್ತದೆ. ಈ ಬಾಗಿಲುಗಳನ್ನು ಹುಡುಕಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ಬಂತು. ಬಾಮ್ ನೋವನ್ನು ಮರೆಸಬಲ್ಲದು. ಎಳೆಯವರೆಗೆ ಇಳಿದು ಅದನ್ನು ಹೆಣೆಯಲಾರದು.

ತಿಕ್ಕುವ ಮುನ್ನ

ಇಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೊಸ ಗಾಯವನ್ನು ಒತ್ತಿ ತಿಕ್ಕಬಾರದು, ಜಗ್ಗಬಾರದು, ಕಾಲನ್ನು ಝಾಡಿಸಿ ಕೂಡಿಸಬಾರದು. ಆಗತಾನೆ ಕೂಡುತ್ತಿರುವ ತುದಿಗಳು ಮತ್ತೆ ಹರಿಯುತ್ತವೆ. ಇನ್ನೂ ದೊಡ್ಡ ಅಪಾಯವೊಂದಿದೆ: ರಕ್ತ ನಿಂತ ಖಂಡವನ್ನು, ಅದರಲ್ಲೂ ತೊಡೆಯನ್ನು, ಬಿರುಸಾಗಿ ತಿಕ್ಕಿದರೆ ಕೆಲವರಲ್ಲಿ ಆ ರಕ್ತದ ಗಡ್ಡೆಯ ಜಾಗದಲ್ಲಿ ಎಲುಬು ಬೆಳೆಯತೊಡಗುತ್ತದೆ. ಮೆತ್ತಗಿನ ಖಂಡದೊಳಗೆ ಎಲುಬಿನ ತುಂಡು! ಕೆಲವು ವಾರಗಳ ನಂತರ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ತಿಕ್ಕುವವರ ಕೈಗುಣ ಹಳೆಯ ಬಿಗಿತಕ್ಕೆ ಹಿತ ಕೊಡಬಹುದು. ಹಸಿ ಗಾಯಕ್ಕೆ ಅದು ಬೇಡ.

ಮಗ್ಗ ಕಲಿಸುವ ಪಾಠ

ಸುರೇಬಾನ, ಮನಿಹಾಳ, ರಾಮದುರ್ಗ ಎಂದರೆ ನೇಕಾರರ ಊರುಗಳು. ಮಗ್ಗದ ಮುಂದೆ ಕುಳಿತವರಿಗೆ ಮುಂದಿನ ಮಾತು ತಟ್ಟನೆ ತಿಳಿಯುತ್ತದೆ. ಹಾಸಿನ ಎಳೆಗಳು ನೆಟ್ಟಗೆ, ಒಂದರ ಪಕ್ಕ ಒಂದು ನಿಲ್ಲುವುದು ಜಗ್ಗಿ ಕಟ್ಟಿರುವುದರಿಂದ. ಜಗ್ಗು ತೆಗೆದರೆ ನೂಲು ಸಡಿಲಾಗಿ ಸಿಕ್ಕುಗಟ್ಟುತ್ತದೆ. ಜಗ್ಗು ಅತಿಯಾದರೆ ಹರಿಯುತ್ತದೆ.

ಖಂಡದ ತೇಪೆಯ ನಾರಿಗೂ ಹೊಸ ಎಳೆಗೂ ಯಾವ ದಿಕ್ಕಿಗೆ ಮಲಗಬೇಕೆಂದು ಹೇಳುವವರು ಯಾರೂ ಇಲ್ಲ, ಎಳೆತದ ಹೊರತು. ಸ್ವಲ್ಪ ಸ್ವಲ್ಪ ಎಳೆತ ಬಿದ್ದರೆ ಅವು ಆ ದಿಕ್ಕಿಗೆ ಸಾಲಾಗಿ ಮಲಗುತ್ತವೆ. ಮೂರು ವಾರ ಹಾಸಿಗೆ ಹಿಡಿದರೆ ನಾರು ಸಿಕ್ಕುಸಿಕ್ಕಾಗಿ ತುಂಬಿ, ಸುತ್ತಲಿನ ಒಳ್ಳೆಯ ಖಂಡವೂ ಸೊರಗುತ್ತದೆ. ಅಂಥ ಕಾಲು ಮೊದಲ ಚೀಲಕ್ಕೇ ಮತ್ತೆ ಹರಿದರೆ ಆಶ್ಚರ್ಯವಿಲ್ಲ.

ಡೆನ್ಮಾರ್ಕಿನ ಸಂಶೋಧಕರು ಇದನ್ನು ಮನುಷ್ಯರಲ್ಲೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ತೊಡೆ ಅಥವಾ ಮೀನಖಂಡ ಹರಿದ 50 ಹವ್ಯಾಸಿ ಆಟಗಾರರು. ಅರ್ಧ ಜನಕ್ಕೆ ಎರಡು ದಿನದ ನಂತರ ಹದವಾದ ವ್ಯಾಯಾಮ ಶುರು, ಉಳಿದವರಿಗೆ ಒಂಬತ್ತು ದಿನದ ನಂತರ. ವ್ಯಾಯಾಮ ಒಂದೇ. ಬೇಗ ಶುರು ಮಾಡಿದವರು ನೋವಿಲ್ಲದೆ ಆಟಕ್ಕೆ ಮರಳಲು ಸುಮಾರು 62 ದಿನ ಹಿಡಿಯಿತು, ತಡವಾಗಿ ಮಾಡಿದವರಿಗೆ 83 ದಿನ. ಶುರುವಿನಲ್ಲಿ ಒಂದು ವಾರ ಕಾದದ್ದಕ್ಕೆ ಕೊನೆಯಲ್ಲಿ ಮೂರು ವಾರ ತೆತ್ತರು. ದಿನಗೂಲಿಯವನ ಮನೆಗೆ ಮೂರು ವಾರ ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕಟ್ಟೆಯ ಮೇಲಿನ ಆರೈಕೆ

ನಮ್ಮ ಹುಡುಗನಿಗೆ ಮೊದಲ ಮೂರು ದಿನ ಕಾಲನ್ನು ದಿಂಬಿನ ಮೇಲೆ ಎತ್ತಿ ಇಟ್ಟೆವು. ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೊಣಕಾಲಿನ ಕಡೆಗೆ ಸುತ್ತಿದೆವು. ಬೆರಳು ತಣ್ಣಗಾದರೆ, ಜುಮುಗುಟ್ಟಿದರೆ, ನೀಲಿಯಾದರೆ ಬಿಗಿ ಹೆಚ್ಚಾಯಿತು ಎಂದರ್ಥ, ಬಿಚ್ಚಿ ಮತ್ತೆ ಸುತ್ತಬೇಕು. ಓಡಾಡಲು ಕೋಲು ಕೊಟ್ಟೆವು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಯಿತು. ಡೈಕ್ಲೊಫೆನಾಕ್‌ನಂಥ ಮಾತ್ರೆ, ಇಂಜೆಕ್ಷನ್ನುಗಳನ್ನು ಅಂಗಡಿಯಿಂದ ತಂದು ತಾವೇ ತೆಗೆದುಕೊಳ್ಳುವುದು ಸರಿಯಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇದ್ದವರಿಗೆ ಅದು ಕೇಡು.

ಮೂರನೇ ದಿನ ಕೂತಲ್ಲೇ ಪಾದದ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಸಿದೆವು. ಮೊದಲ ದಿನ ಋ ಬರುವುದರೊಳಗೆ ನಿಲ್ಲಿಸಿದ. ಎರಡು ದಿನ ಬಿಟ್ಟು ಳ ಮುಟ್ಟಿದ. ಅಳತೆಗೋಲು ಒಂದೇ: ಮಾಡುವಾಗ ಸಣ್ಣ ನೋವಿದ್ದರೆ ಇರಲಿ, ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ನಿನ್ನೆ ಅತಿಯಾಯಿತು, ಇಂದು ಅರ್ಧ ಮಾಡು. ಸುಮಾರು ಹತ್ತು ದಿನದವರೆಗೆ ಗಾಯದ ಜಾಗವೇ ಖಂಡದ ಅತಿ ದುರ್ಬಲ ಜಾಗ. ಅಲ್ಲಿಯವರೆಗೆ ಹಿಮ್ಮಡಿ ಒತ್ತಿ ಜೋರಾಗಿ ಜಗ್ಗುವ ಹಾಗಿಲ್ಲ. ಆಮೇಲೆ ಗೋಡೆ ಹಿಡಿದು ಎರಡೂ ಕಾಲಿನ ಮೇಲೆ ಹಿಮ್ಮಡಿ ಎತ್ತುವುದು, ಇಳಿಸುವುದು. ಆಮೇಲೆ ಒಂದೇ ಕಾಲಿನ ಮೇಲೆ.

ಮನೆಯಲ್ಲಿ ಕೂರದೆ ರಾಮದುರ್ಗದ ತಾಲ್ಲೂಕು ಆಸ್ಪತ್ರೆಗೋ ಹತ್ತಿರದ ವೈದ್ಯರಿಗೋ ತಡಮಾಡದೆ ತೋರಿಸಬೇಕಾದ ಸಂದರ್ಭಗಳಿವೆ. ಟಕ್ ಎಂದು ಸಪ್ಪಳವಾಗಿ ತುದಿಗಾಲಲ್ಲಿ ನಿಲ್ಲಲೇ ಆಗದಿದ್ದರೆ, ಖಂಡದಲ್ಲಿ ಬೆರಳು ಹೋಗುವಷ್ಟು ತಗ್ಗು ಸಿಕ್ಕರೆ, ಕಟ್ಟುಹಗ್ಗವೇ ಹರಿದಿರಬಹುದು. ಕಾಲು ಕಲ್ಲಿನಂತೆ ಬಿಗಿದು ನೋವು ಗಂಟೆಗಂಟೆಗೂ ಏರಿದರೆ, ಪಾದ ಮರಗಟ್ಟಿದರೆ, ಅದು ತುರ್ತು. ಪೆಟ್ಟೇ ಬೀಳದೆ, ಇಲ್ಲವೇ ಹಲವು ದಿನ ಮಲಗಿದ ಮೇಲೆ, ಒಂದೇ ಮೀನಖಂಡ ಬಾತು ಕೆಂಪಾಗಿ ಬಿಸಿಯಾದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅದರ ಜೊತೆ ಉಸಿರು ಕಟ್ಟಿದರಂತೂ ಒಂದು ನಿಮಿಷವೂ ಕಾಯಬಾರದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಸಣ್ಣ ಪೆಟ್ಟನ್ನೂ ತೋರಿಸಬೇಕು.

ಆರನೇ ದಿನ ಆಯಿ ಉಪ್ಪು ಹುರಿದಳು. ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಮುಂಗೈಗೆ ಮುಟ್ಟಿಸಿ ಕಾವು ನೋಡಿ, ಮೊಮ್ಮಗನ ಮೀನಖಂಡದ ಮೇಲೆ ಇಟ್ಟಳು. ಮೂರು ವಾರ ಕಳೆದ ಮೇಲೆ ಅವನು ಕಟ್ಟೆಯ ಅಂಚಿಗೆ ಮುಂಗಾಲು ಊರಿ, ಕಂಬ ಹಿಡಿದು, ಎತ್ತಿದ ಹಿಮ್ಮಡಿಯನ್ನು ಮೆಲ್ಲಗೆ ಇಳಿಸಲು ಶುರು ಮಾಡಿದ. ಹರಿದದ್ದು ಇಳಿಯುವಾಗ, ಹಾಗಾಗಿ ಕಲಿಯಬೇಕಾದದ್ದೂ ಇಳಿಯುವುದನ್ನೇ. ಪಕ್ಕದಲ್ಲಿ ಕೂತ ಆಯಿ ಶೇಂಗಾ ಸುಲಿಯುತ್ತ ಎಣಿಸುತ್ತಿದ್ದಳು. ಎಂಟಕ್ಕೆ ಅವನು ಸ್ವಲ್ಪ ಅವಸರ ಮಾಡಿದ. "ಅದ ಲೆಕ್ಕಕ್ಕಿಲ್ಲ," ಎಂದಳು, "ಸಾವಕಾಶ ಇಳಿ. ಮತ್ತ ಎಂಟು."